ವೆಂಕಟಪ್ಪನವರ ಬಸ್ಸಿಗೊಂದು ಕಂಪ್ಯೂಟರು

ಅರವತ್ತು ದಾಟಿದವರನ್ನು ಎಲ್ಲೆಲ್ಲಿ ಕೂರಿಸಬೇಕು ಅಂತ ಈ ಊರು ಮೊದಲೇ ತೀರ್ಮಾನ ಮಾಡಿಟ್ಟಿದೆ. ಪಾರ್ಕಿನಲ್ಲಿ ದಾನಿಗಳ ಹೆಸರು ಬರೆದ ಸಿಮೆಂಟ್ ಬೆಂಚು. ಬ್ಯಾಂಕಿನಲ್ಲಿ ಫ್ಯಾನಿನ ಗಾಳಿ ತಾಗದ ಮೂಲೆ. ಮದುವೆ ಛತ್ರದಲ್ಲಿ ಮೊದಲನೇ ಸಾಲು, ಅದೂ ಸ್ಪೀಕರಿನ ಬಾಯಿಗೆ ಸರಿಯಾಗಿ. ಎಲ್ಲಿ ಹೋದರೂ ಒಂದೇ ಮಾತು: "ಕೂತ್ಕೊಳಿ, ನೀವ್ಯಾಕೆ ಓಡಾಡ್ತೀರಾ?" ಇದು ಗೌರವದ ಮಾತು ಅಂತ ಹೇಳುವವರು ನಂಬಿಕೊಂಡಿದ್ದಾರೆ. ಕೂರುವವರನ್ನು ಯಾರೂ ಕೇಳಿಲ್ಲ.

ಚಾಮರಾಜಪೇಟೆಯ ಐದನೇ ಮೇನಿನ ಹಿಂದಿನ ಅಡ್ಡರಸ್ತೆಯಲ್ಲಿರುವ ವೆಂಕಟಪ್ಪನವರು ಮೂವತ್ತೆರಡು ವರ್ಷ ಕೂತದ್ದು ಒಂದೇ ಸೀಟಿನಲ್ಲಿ. ಸಿಟಿ ಬಸ್ಸಿನ ಡ್ರೈವರ್ ಸೀಟು. ರಿಟೈರಾಗಿ ಏಳು ವರ್ಷವಾದರೂ ಕೈ ಇನ್ನೂ ಸ್ಟೀರಿಂಗಿನ ಮೇಲೇ ಇದೆ. ಊಟಕ್ಕೆ ಕೂತರೆ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿದು ಸ್ವಲ್ಪ ತಿರುಗಿಸಿ ಸರಿಮಾಡಿಕೊಂಡೇ ತುತ್ತು ಎತ್ತುತ್ತಾರೆ. ಆಟೋದಲ್ಲಿ ಹಿಂದೆ ಕೂತರೂ ಬಲಗಾಲು ತಾನೇ ಬ್ರೇಕ್ ಒತ್ತುತ್ತದೆ. "ಆಟೋದವನ ಬೆನ್ನಿಗೆ ಒದೀಬೇಡಿ, ಪಾಪ" ಅಂತ ಹೆಂಡತಿ ಶಕುಂತಲಮ್ಮ ಎಷ್ಟು ಸಲ ಬೈದಿದ್ದಾರೋ.

ಅವರ ಮನೆಯ ಹಜಾರದಲ್ಲಿ ಕಿಟಕಿ ಪಕ್ಕ ಒಂದು ಮೂಲೆ. ಅಲ್ಲಿದ್ದ ಹೊಲಿಗೆ ಮಿಷನ್ನನ್ನು ಶಕುಂತಲಮ್ಮ ಪಕ್ಕದ ಬೀದಿಯ ಹುಡುಗಿಗೆ ಕೊಟ್ಟುಬಿಟ್ಟರು. ಮೂಲೆ ಖಾಲಿಯಾಯಿತು. ಜಗಳ ಶುರುವಾಯಿತು.

ಮಗಳು ತೇಜಶ್ರೀ ಬಸವನಗುಡಿಯಲ್ಲಿ ಕಾಲೇಜು ಲೆಕ್ಚರರ್, ಭಾನುವಾರ ಭಾನುವಾರ ಬರುತ್ತಾಳೆ. ಅವಳು ಆ ಮೂಲೆಗೆ ಅಳತೆ ಹಿಡಿದು ಒಂದು ಒರಗುವ ಕುರ್ಚಿ ನೋಡಿದ್ದಳು. ಗುಂಡಿ ಒತ್ತಿದರೆ ಬೆನ್ನು ಹಿಂದಕ್ಕೆ ಹೋಗುತ್ತದೆ, ಕಾಲು ಮೇಲಕ್ಕೆ ಏಳುತ್ತದೆ.

"ಅಪ್ಪಾ, ಅದ್ರಲ್ಲಿ ಕೂತ್ರೆ ಹಾಗೇ ನಿದ್ದೆ ಬಂದ್ಬಿಡುತ್ತೆ."

"ನಂಗೆ ನಿದ್ದೆ ಬರ್ತಿಲ್ಲ ಅಂತ ಯಾರಮ್ಮ ಹೇಳಿದ್ದು? ನಂಗೆ ಎಚ್ಚರ ಬೇಕು."

ವೆಂಕಟಪ್ಪನವರಿಗೆ ಬೇಕಾದದ್ದು ಬೇರೆ. ಅವರ ಜೊತೆ ಹದಿನಾಲ್ಕು ವರ್ಷ ಕಂಡಕ್ಟರಾಗಿದ್ದ ನಂಜಪ್ಪ ಒಂದು ದಿನ ಮೊಬೈಲಿನಲ್ಲಿ ಬಸ್ ಓಡಿಸುವ ಆಟ ತೋರಿಸಿದ್ದ. ವೆಂಕಟಪ್ಪನವರು ಹತ್ತು ನಿಮಿಷ ಆಡಿ ಫೋನು ಅವನ ಮಡಿಲಿಗೆಸೆದಿದ್ದರು. "ಹೆಬ್ಬೆರಳಲ್ಲಿ ಬಸ್ ಓಡಿಸೋದಾ? ಬಸ್ಸಿಗೆ ಅವಮಾನ ಕಣೋ." ಅದಾದ ಮೇಲೆ ಗೊತ್ತಾದದ್ದು: ಕಂಪ್ಯೂಟರಿನಲ್ಲಿ ಇದೇ ಥರದ ದೊಡ್ಡ ಆಟಗಳಿವೆ, ಅದಕ್ಕೆ ನಿಜವಾದ ಸ್ಟೀರಿಂಗು, ಕಾಲಿಗೆ ಪೆಡಲು ಎಲ್ಲ ಸಿಗುತ್ತದೆ. ಅವತ್ತಿನಿಂದ ಕಿಟಕಿ ಮೂಲೆ ಅವರ ಕಣ್ಣಿಗೆ ಡ್ರೈವರ್ ಕ್ಯಾಬಿನ್ನಿನಂತೆ ಕಾಣತೊಡಗಿತು. ರಿಟೈರಾದಾಗ ಬಂದದ್ದರಲ್ಲಿ ತಮಗಂತ ಎತ್ತಿಟ್ಟುಕೊಂಡದ್ದು ಸ್ವಲ್ಪ ಇತ್ತು. ಏಳು ವರ್ಷದಿಂದ ಅದಕ್ಕೆ ಖರ್ಚೇ ಹುಟ್ಟಿರಲಿಲ್ಲ.

"ಎರಡು ದಿನ ಆಡ್ತೀಯ, ಮೂರನೇ ದಿನ ಅದ್ರ ಮೇಲೆ ಅಮ್ಮ ಬಟ್ಟೆ ಒಣಗಿಸ್ತಾರೆ" ಅಂದಳು ತೇಜಶ್ರೀ.

ಕೊನೆಗೆ ಶಕುಂತಲಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ತೀರ್ಪು ಕೊಟ್ಟರು. ಕುರ್ಚಿ ಮನೆಗೆ ಬರುವುದು ಇನ್ನೆರಡು ವಾರಕ್ಕೆ, ಭಾನುವಾರ. ಅಷ್ಟರೊಳಗೆ ಯಜಮಾನರು ಆ ಕಂಪ್ಯೂಟರ್ ಬಸ್ಸನ್ನು ಡಿಪೋದಿಂದ ಡಿಪೋಗೆ, ಎಲ್ಲೂ ಗುದ್ದದೆ, ಒಂದು ಪೂರ್ತಿ ಟ್ರಿಪ್ ಓಡಿಸಿ ತೋರಿಸಿದರೆ ಮೂಲೆ ಅವರದು. ಇಲ್ಲದಿದ್ದರೆ ಯಂತ್ರ ವಾಪಸ್ ಅಂಗಡಿಗೆ, ಯಜಮಾನರು ಕುರ್ಚಿಗೆ.

"ಮೂವತ್ತೆರಡು ವರ್ಷ ಒಂದು ನಾಯಿಗೂ ತಾಗಿಸಿಲ್ಲ ಕಣೇ ನಾನು!"

"ಹಂಗಾದ್ರೆ ಭಯ ಯಾಕೆ?"

ಮಾರನೇ ದಿನ ಡ್ರೈವರು ಕಂಡಕ್ಟರು ಇಬ್ಬರೂ ಹೊರಟರು. ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಗಳ ಸಾಲು ದಾಟಿ, ಒಂದು ದೊಡ್ಡ ಷೋರೂಮು ಹೊಕ್ಕರು. ಒಳಗೆ ಕತ್ತಲು. ಕತ್ತಲಲ್ಲಿ ಗಾಜಿನ ಪೆಟ್ಟಿಗೆಗಳು ಕೆಂಪು, ಹಸಿರು, ನೇರಳೆ ಬಣ್ಣ ಕಾರುತ್ತಿದ್ದವು.

"ಬೀದೀಲಿ ಅಣ್ಣಮ್ಮ ದೇವೀನ ಕೂರಿಸಿದಂಗಿದೆಯಲ್ಲೋ ಗುರು" ಅಂದ ನಂಜಪ್ಪ. "ಆರ್ಕೆಸ್ಟ್ರಾದೋರು ಎಲ್ಲಿ?"

ಕಪ್ಪು ಟೀಶರ್ಟಿನ ಸೇಲ್ಸ್‌ಮನ್ ಬಂದ. "ಹೇಳಿ ಅಂಕಲ್, ಮೊಮ್ಮಗನಿಗಾ?"

"ನಂಗೆ."

ಅವನ ಮುಖದಲ್ಲಿ ಒಂದು ನಗು ಬಂದು ಹೋಯಿತು. ಆಮೇಲೆ ಅವನು ವೆಂಕಟಪ್ಪನವರ ಕಡೆ ತಿರುಗಲೇ ಇಲ್ಲ, ನಂಜಪ್ಪನ ಹತ್ತಿರವೇ ಮಾತು. ಪೇಷೆಂಟನ್ನು ಬಿಟ್ಟು ಜೊತೆಯಲ್ಲಿ ಬಂದವರಿಗೆ ಔಷಧಿ ವಿವರಿಸುತ್ತಾರಲ್ಲ, ಹಾಗೆ. "ಬಜೆಟ್ ಎಷ್ಟು ಸರ್?"

"ಯಾವ ಆಟ ಅಂತ ಕೇಳಲ್ವಾ?" ಅಂದರು ವೆಂಕಟಪ್ಪ.

"ಇದ್ರಲ್ಲಿ ಎಲ್ಲಾ ಆಟನೂ ಓಡುತ್ತೆ ಅಂಕಲ್. ಗ್ರಾಫಿಕ್ಸ್ ಕಾರ್ಡ್ ನೋಡಿ, ಟಾಪ್ ಎಂಡ್. ಸ್ಕ್ರೀನು ಸೆಕೆಂಡಿಗೆ ಇನ್ನೂರ ನಲವತ್ತು ಸಲ ಚಿತ್ರ ಬದಲಾಯಿಸುತ್ತೆ. ಏಳು ಫ್ಯಾನು. ಲೈಟಿನ ಕಲರ್ ನಿಮ್ಮ ಮೂಡಿಗೆ ತಕ್ಕಂಗೆ ಚೇಂಜ್ ಮಾಡ್ಕೋಬಹುದು."

"ನನ್ನ ಮೂಡು ಈಗ ಕೆಂಪು" ಅಂತ ವೆಂಕಟಪ್ಪನವರು ಹೊರಗೆ ಬಂದುಬಿಟ್ಟರು.

ಚಪ್ಪಲಿ ಮಾರುವವನು ಪಾದ ನೋಡುತ್ತಾನೆ. ದರ್ಜಿ ಟೇಪು ಹಿಡಿಯುತ್ತಾನೆ. ಬಳೆ ತೊಡಿಸುವವಳು ಸಹ ಮೊದಲು ಕೈ ಒತ್ತಿ ನೋಡುತ್ತಾಳೆ. ಈ ಯಂತ್ರ ಮಾರುವ ಜನ ಮಾತ್ರ ಗಿರಾಕಿಯ ಕಣ್ಣು, ಕೈ, ಆಸೆ ಯಾವುದನ್ನೂ ನೋಡದೆ ನೇರವಾಗಿ ಜೇಬಿಗೇ ಅಳತೆ ಹಿಡಿಯುತ್ತಾರೆ. ನಲವತ್ತರ ಸ್ಪೀಡಿನಲ್ಲಿ ಬಸ್ ಓಡಿಸಬೇಕೆನ್ನುವವನಿಗೆ ಯುದ್ಧ ಮಾಡುವ ಯಂತ್ರ ಕಟ್ಟುತ್ತಾರೆ, ಅವನು ಅದನ್ನು ಹೊತ್ತುಕೊಂಡು ಹೋಗಿ, ತನಗೇ ಏನೋ ಗೊತ್ತಾಗುತ್ತಿಲ್ಲ ಅಂತ ಜೀವಮಾನವಿಡೀ ನಾಚಿಕೊಂಡಿರುತ್ತಾನೆ. ನಾಚಿಕೊಳ್ಳಬೇಕಾದವನು ಕತ್ತಲಲ್ಲಿ ಲೈಟು ಹಾಕಿಕೊಂಡು ನಿಂತಿರುತ್ತಾನೆ.

"ಎಲ್ಲಾ ರೂಟಿಗೂ ಆಗುತ್ತೆ ಅಂತ ಡಿಪೋದಲ್ಲಿ ಗಾಡಿ ಕೊಟ್ರೆ ಏನರ್ಥ ಹೇಳು?" ರಸ್ತೆಯಲ್ಲಿ ನಿಂತು ಕೇಳಿದರು ವೆಂಕಟಪ್ಪ.

"ಯಾವ ರೂಟಿಗೂ ಆಗಲ್ಲ ಅಂತ" ಅಂದ ನಂಜಪ್ಪ.

ಮೂರು ದಿನ ಅಲೆದ ಮೇಲೆ ಅವರು ಮುಟ್ಟಿದ್ದು ಶೇಷಾದ್ರಿಪುರದಲ್ಲಿ ಎರಡನೇ ಮಹಡಿಯ ಒಂದು ಸಣ್ಣ ಅಂಗಡಿ. ಮೆಟ್ಟಿಲು ಹತ್ತುವಾಗ ವೆಂಕಟಪ್ಪನವರ ಮಂಡಿ ಕಟಕಟ ಅಂದಿತು. ಒಳಗೆ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ನೆಲದ ಮೇಲೆ ಚಾಪೆ ಹಾಸಿ, ಕಂಪ್ಯೂಟರೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ಹೆಸರು ಪ್ರತಿಭಾ. ಅಂಗಡಿಯೂ ಅವಳದೇ, ರಿಪೇರಿಯೂ ಅವಳದೇ. ಬಾಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ತೆಗೆದು ಅವಳು ಕೇಳಿದ ಮೊದಲ ಪ್ರಶ್ನೆ: "ಯಾವ ಆಟ ಸರ್?"

ವೆಂಕಟಪ್ಪನವರು ಕುರ್ಚಿ ಎಳೆದುಕೊಂಡು ಕೂತರು. ಇಲ್ಲಿ ಕೂರಬಹುದು ಅನ್ನಿಸಿತು.

"ಬಸ್ ಓಡಿಸೋ ಆಟ."

"ಯಾರು ಆಡೋದು?"

"ನಾನು."

"ಸರಿ. ದಿನಕ್ಕೆ ಎಷ್ಟು ಹೊತ್ತು? ಕನ್ನಡಕದ ನಂಬರೆಷ್ಟು? ಸ್ಕ್ರೀನಿಂದ ಎಷ್ಟು ದೂರ ಕೂರ್ತೀರಾ? ಯಾವ ಮಂಡಿ ನೋವು, ಎಡಗಡೇದಾ ಬಲಗಡೇದಾ?"

"ಎಡಗಡೆ. ಮೆಟ್ಟಿಲಲ್ಲಿ ಕೇಳಿಸ್ತಾ?"

"ಕೆಳಗಿನ ಮಹಡಿಯವರಿಗೂ ಕೇಳಿಸಿರುತ್ತೆ ಸರ್." ಅವಳು ನಕ್ಕಳು. "ಹಂಗಾದ್ರೆ ಕ್ಲಚ್ ಬೇಡ, ಆಟೋಮ್ಯಾಟಿಕ್ ಬಸ್ ಹಾಕ್ಕೊಡ್ತೀನಿ."

ಆಮೇಲೆ ಅವಳು ವಿವರಿಸಿದಳು. ಬಂದೂಕಿನ ಆಟಕ್ಕೆ ಸ್ಕ್ರೀನು ಸರಸರ ಬದಲಾಗಬೇಕು, ಕಣ್ಣು ಮಿಟುಕಿಸುವುದರಲ್ಲಿ ಎದುರಾಳಿ ಸಾಯಬೇಕು. ಬಸ್ಸಿನ ಆಟಕ್ಕೆ ಅಷ್ಟು ಅವಸರವಿಲ್ಲ. ಇಲ್ಲಿ ರಸ್ತೆ ತುಂಬ ಗಾಡಿಗಳು, ಸ್ಟಾಪಿನಲ್ಲಿ ಜನ, ಸಿಗ್ನಲ್ಲು. ಯಾರು ಯಾವಾಗ ಎಲ್ಲಿ ಇರಬೇಕು ಅನ್ನೋ ಲೆಕ್ಕವನ್ನೆಲ್ಲ ಇಡುವುದು ಪ್ರೊಸೆಸರು. ಅದು ಗಟ್ಟಿ ಇರಬೇಕು. ಅದನ್ನೆಲ್ಲ ಚಿತ್ರವಾಗಿ ಬಿಡಿಸುವುದು ಗ್ರಾಫಿಕ್ಸ್ ಕಾರ್ಡು. ಅದು ಮಧ್ಯಮದ್ದು ಸಾಕು.

"ಅಂದ್ರೆ ಪ್ರೊಸೆಸರು ಕಂಡಕ್ಟರು" ಅಂದ ನಂಜಪ್ಪ, ಎದೆ ಮುಂದೆ ಮಾಡಿ. "ಗ್ರಾಫಿಕ್ಸ್ ಕಾರ್ಡು ಬಸ್ಸಿನ ಪೇಂಟು. ಹದಿನಾಲ್ಕು ವರ್ಷದಿಂದ ಹೇಳ್ತಿದೀನಿ, ಗಾಡಿ ಓಡೋದು ನಮ್ಮಿಂದ ಅಂತ. ಈಗ ಮೇಡಮ್ಮೇ ಹೇಳಿದ್ರು."

"ಮತ್ತೆ ಈ ರ್‍ಯಾಮು ಅಂತಾರಲ್ಲಮ್ಮ, ಅದೇನು?" ವೆಂಕಟಪ್ಪ ಕೇಳಿದರು.

"ಬಸ್ಸೊಳಗಿನ ಜಾಗ ಸರ್. ಕಮ್ಮಿ ಆದ್ರೆ ಜನ ಫುಟ್‌ಬೋರ್ಡ್ ಮೇಲೆ ನಿಲ್ತಾರೆ, ಗಾಡಿ ತಡವರಿಸುತ್ತೆ. ನಿಮ್ಮ ಆಟಕ್ಕೆ ಹದಿನಾರು ಜಿಬಿ ಸಾಕು. ಮೂವತ್ತೆರಡು ಹಾಕಿದ್ರೆ ಅರ್ಧ ಬಸ್ಸು ಖಾಲಿ ಓಡುತ್ತೆ."

ಉಳಿದ ದುಡ್ಡಿಗೆ ಅಗಲವಾದ ಸ್ಕ್ರೀನು ತಗೊಳ್ಳಿ, ಎರಡೂ ಕಡೆಯ ಮಿರರು ಕಾಣಬೇಕು. ಮತ್ತೆ ಒಳ್ಳೆ ಸ್ಟೀರಿಂಗು ತಗೊಳ್ಳಿ, ನಿಮ್ಮ ಆಟ ಇರುವುದೇ ಅದರಲ್ಲಿ ಅಂತ ಅವಳು ಒಂದು ಸ್ಟೀರಿಂಗನ್ನು ಮೇಜಿಗೆ ಬಿಗಿದು ಕೊಟ್ಟಳು. ಒಳಗೆ ಮೋಟರಿತ್ತು. ವೆಂಕಟಪ್ಪನವರು ತಿರುಗಿಸಿದರೆ ಅದೂ ಎದುರು ಎಳೆಯಿತು.  ಎರಡು ನಿಮಿಷ ಸುಮ್ಮನೆ ಆ ಕಡೆ ಈ ಕಡೆ ತಿರುಗಿಸುತ್ತ ಕೂತರು.

"ಗುರು, ಅಳ್ತಿದೀಯಾ?" ಅಂದ ನಂಜಪ್ಪ.

"ಮುಚ್ಚೋ ಬಾಯಿ. ಪವರ್ ಸ್ಟೀರಿಂಗ್ ಬರೋಕ್ ಮುಂಚಿನ ಗಾಡಿ ಇದು."

ಪೆಡಲು ಎರಡು ಥರದ್ದಿದ್ದವು. ಒಂದು ಕಬ್ಬಿಣದ್ದು, ತೂಕದ್ದು, ಬೆಲೆಯೂ ತೂಕದ್ದೇ. ಇನ್ನೊಂದು ಪ್ಲಾಸ್ಟಿಕ್ಕು. "ಇದೇ ಸಾಕು ಸರ್, ಸುಮ್ನೆ ಯಾಕೆ ಖರ್ಚು" ಅಂತ ಪ್ರತಿಭಾ ಪ್ಲಾಸ್ಟಿಕ್ಕಿನದನ್ನೇ ಕೊಟ್ಟಳು. ಅವಳು ಕಣ್ಣು ಕೇಳಿದ್ದಳು, ಮಂಡಿ ಕೇಳಿದ್ದಳು, ಕೂರುವ ದೂರ ಕೇಳಿದ್ದಳು. ಒಂದನ್ನು ಕೇಳುವುದು ಮರೆತಿದ್ದಳು.

ಯಂತ್ರ ಮನೆಗೆ ಬಂದ ದಿನ ಶಕುಂತಲಮ್ಮನೇ ಸ್ಟೀರಿಂಗಿಗೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿದರು. ನಿಂಬೆಹಣ್ಣನ್ನು ಯಾವ ಚಕ್ರದ ಕೆಳಗಿಡುವುದು ಅಂತ ತಿಳಿಯದೆ ಮೌಸಿನ ಪಕ್ಕದಲ್ಲಿಟ್ಟರು. ವೆಂಕಟಪ್ಪನವರು ಮೇಜನ್ನು ಒಂದು ಸುತ್ತು ಹಾಕಿ, ವೈರುಗಳನ್ನೆಲ್ಲ ಮುಟ್ಟಿ ನೋಡಿ, ಕೂತರು. ಅದು ಅವರ ಪದ್ಧತಿ. ಗಾಡಿಯ ಸುತ್ತ ಒಂದು ಸುತ್ತು ಬಾರದೆ ಅವರು ಯಾವತ್ತೂ ಡಿಪೋ ಬಿಟ್ಟವರಲ್ಲ.

ಆಟದೊಳಗಿನ ಊರು ಯಾವುದೋ ಚಳಿ ದೇಶದ್ದು. ಚೊಕ್ಕ ರಸ್ತೆ, ಗೆರೆ ಎಳೆದಂತೆ ಮನೆ. "ಒಂದು ಹಸು ಇಲ್ಲ, ಒಂದು ಆಟೋ ಇಲ್ಲ, ನಡುರಸ್ತೇಲಿ ನಿಂತು ಫೋನಲ್ಲಿ ಮಾತಾಡೋನಿಲ್ಲ. ಇದೇನು ಊರೇನೋ?" ಅಂತ ಗೊಣಗಿದರೂ ಅವರು ಆ ಊರನ್ನು ತಮ್ಮ ಹಳೇ ರೂಟಿನ ಲೆಕ್ಕಕ್ಕೆ ತಂದುಕೊಂಡರು. ಗಡಿಯಾರ ಗೋಪುರದ ಸ್ಟಾಪಿಗೆ ಗಾಂಧಿಬಜಾರ್ ಅಂತ ಹೆಸರಿಟ್ಟರು, ಚರ್ಚಿನ ಮುಂದಿನದಕ್ಕೆ ಮಕ್ಕಳ ಕೂಟ, ಸೇತುವೆ ಪಕ್ಕದ್ದಕ್ಕೆ ಉಮಾ ಟಾಕೀಸು.

ಬಸ್ಸು ಹೊರಟಿತು. ಉಮಾ ಟಾಕೀಸು ಬಂತು. ವೆಂಕಟಪ್ಪನವರು ಬ್ರೇಕ್ ಒತ್ತಿದರು. ಬಸ್ಸು ನಿಲ್ಲಲಿಲ್ಲ. ಇನ್ನೂ ಒತ್ತಿದರು. ಬಸ್ಸು ಸ್ಟಾಪಿನ ಗಾಜಿನ ಗೂಡಿಗೆ ನುಗ್ಗಿ, ಕಸದ ತೊಟ್ಟಿ ಹಾರಿಸಿ ನಿಂತಿತು.

"ನಾಯಿಗೂ ತಾಗಿಸಿಲ್ಲ ಅಂದ್ರಿ?" ಅಡುಗೆಮನೆಯಿಂದ ದನಿ ಬಂತು.

ದಿನಾ ಅದೇ ಕಥೆ. ನಾಲ್ಕು ಸ್ಟಾಪು ಸರಿಯಾಗಿ ನಿಂತರೆ ಐದನೆಯದರಲ್ಲಿ ಬ್ರೇಕ್ ಕೈಕೊಡುತ್ತಿತ್ತು. ಸಾಯಂಕಾಲ ಅವರು ಹಳೇ ಡೈರಿಯೊಂದರಲ್ಲಿ ಲಾಗ್‌ಶೀಟ್ ಬರೆಯುತ್ತಿದ್ದರು. ಡ್ಯೂಟಿ ಮುಗಿಸಿ ಗಾಡಿ ಒಪ್ಪಿಸುವಾಗ ಅದರ ದೋಷ ಬರೆದಿಡುವುದು ಡ್ರೈವರ್ ಧರ್ಮ. 'ಬ್ರೇಕ್ ಸಡಿಲ.' 'ಬ್ರೇಕ್ ಒತ್ತಿದಷ್ಟೂ ದೂರ ಹೋಗುತ್ತಿದೆ.' 'ಕುರ್ಚಿ ಒಂಬತ್ತು ಸಲ ಮುಂದೆ ಎಳೆದುಕೊಂಡೆ.' 'ಇಂದು ಹನ್ನೆರಡು ಸಲ.' ಮೂವತ್ತೆರಡು ವರ್ಷ ಹೀಗೆ ಬರೆದಿದ್ದರು. ಆ ಹಾಳೆಗಳು ಎಲ್ಲಿಗೆ ಹೋದವೋ ಯಾರಿಗೆ ಗೊತ್ತು. ಬರೆದ ದೋಷವೇ ಮಾರನೇ ದಿನ ಅದೇ ಗಾಡಿಯಲ್ಲಿ ಕೂತು ಅವರನ್ನು ನೋಡಿ ನಗುತ್ತಿತ್ತು. ಕೆಳಗಿನವನು ಬರೆಯಬೇಕು, ಮೇಲಿನವನು ಓದಬಾರದು ಅನ್ನುವುದು ಈ ದೇಶದ ಕಚೇರಿಗಳ ಬರೆಯದ ಕಾನೂನು.

ಗುರುವಾರ ಅವರ ತಾಳ್ಮೆ ಮುಗಿಯಿತು. ಭಾನುವಾರಕ್ಕೆ ಉಳಿದದ್ದು ಎರಡು ದಿನ. ಪ್ರತಿಭಾಗೆ ಫೋನು ಹಾಕಿದರು.

"ನೀನೂ ಅವರ ಥರಾನೇ ಕಣಮ್ಮ. ಸಿಹಿಯಾಗಿ ಮಾತಾಡಿ ಪ್ಲಾಸ್ಟಿಕ್ ಕಟ್ಬಿಟ್ಟೆ. ಬ್ರೇಕ್ ಇಲ್ಲದ ಗಾಡಿ ಕೊಡೋದು ಕೊಲೆ ಗೊತ್ತಾ? ಕೊಲೆ!"

ಆ ಕಡೆ ಸ್ಕ್ರೂಡ್ರೈವರ್ ಕೆಳಗಿಟ್ಟ ಸದ್ದು. ಆಮೇಲೆ ಅವಳು ಕೇಳಿದಳು: "ಏನೇನಾಗ್ತಿದೆ ಅಂತ ಎಲ್ಲಾದ್ರೂ ಬರೆದಿಟ್ಟಿದೀರಾ ಸರ್?"

ವೆಂಕಟಪ್ಪನವರು ಡೈರಿಯ ಕಡೆ ನೋಡಿದರು. "...ಬರೆದಿದೀನಿ."

"ತಗೊಂಬನ್ನಿ. ಶನಿವಾರ ಬೆಳಗ್ಗೆ ಬನ್ನಿ. ಓದ್ತೀನಿ."

ಶನಿವಾರ ಅವಳು ಡೈರಿಯನ್ನು ಮೊದಲ ಸಾಲಿನಿಂದ ಓದಿದಳು. ಬೆರಳಿಟ್ಟುಕೊಂಡು ಓದಿದಳು. ಎದುರಿಗೆ ಕೂತ ವೆಂಕಟಪ್ಪನವರು ತಮ್ಮ ಅಕ್ಷರ ಒಬ್ಬರ ಬೆರಳಿನ ಕೆಳಗೆ ಸರಿಯುವುದನ್ನು ನೋಡುತ್ತಿದ್ದರು. 'ಹನ್ನೆರಡು ಸಲ' ಅನ್ನುವಲ್ಲಿ ಬೆರಳು ನಿಂತಿತು.

"ಸರ್, ಕುರ್ಚಿ ಯಾಕೆ ಮುಂದೆ ಎಳೀತೀರಾ?"

"ಪೆಡಲು ದೂರ ಹೋಗಿರುತ್ತಲ್ಲಮ್ಮ."

"ಪೆಡಲು ಯಾಕೆ ದೂರ ಹೋಗುತ್ತೆ?"

"ನಾನು..." ವೆಂಕಟಪ್ಪನವರು ತಮ್ಮ ಬಲಗಾಲನ್ನು ನೋಡಿಕೊಂಡರು.

"ನಿಮ್ಮನೆ ನೆಲ ಯಾವುದು ಸರ್?"

"ರೆಡ್ ಆಕ್ಸೈಡು. ನಮ್ಮಾವನ ಕಾಲದ್ದು. ಕನ್ನಡಿ ಇದ್ದಂಗಿದೆ. ನಮ್ಮನೆಯವಳು ಪ್ರತಿ ಶುಕ್ರವಾರ ಕೊಬ್ಬರಿ ಎಣ್ಣೆ ಹಾಕಿ ಒರೆಸ್ತಾಳೆ." ಹೇಳುತ್ತ ಹೇಳುತ್ತ ಅವರಿಗೇ ಅರ್ಥವಾಯಿತು. "ಅಯ್ಯೋ ನನ್ನ!"

ನಂಜಪ್ಪ ಗೋಡೆ ಹಿಡಿದುಕೊಂಡು ನಗತೊಡಗಿದ. "ಮೇಡಂ, ಇವನ ಮೊದಲ್ನೇ ಗಾಡಿ ನೀವು ನೋಡಿಲ್ಲ. ಅದ್ರ ಬ್ರೇಕ್ ಹಾಕ್ಬೇಕಂದ್ರೆ ಎದ್ದು ನಿಂತ್ಕೋಬೇಕಿತ್ತು. ಇವನು ಅದೇ ಕಾಲಲ್ಲಿ ನಿಮ್ಮ ಪ್ಲಾಸ್ಟಿಕ್ ತುಳಿದಿದಾನೆ!"

ಬ್ರೇಕು ಸರಿಯಾಗೇ ಇತ್ತು. ಬ್ರೇಕು ಒತ್ತಿಸಿಕೊಳ್ಳುವ ಮೊದಲೇ ಪೆಡಲಿನ ಹಲಗೆಯೇ ಎಣ್ಣೆ ನೆಲದ ಮೇಲೆ ಜಾರಿ ಗೋಡೆಯ ಕಡೆ ಹೊರಟುಹೋಗುತ್ತಿತ್ತು.

"ತಪ್ಪು ನಂದೂ ಇದೆ ಸರ್. ನೆಲ ಕೇಳಲಿಲ್ಲ. ಆದ್ರೆ ಕಬ್ಬಿಣದ್ದು ತಗೊಂಡಿದ್ರೂ ಆ ನೆಲದ ಮೇಲೆ ಜಾರ್ತಿತ್ತು. ಗೋಡೆಗೂ ಪೆಡಲಿಗೂ ಮಧ್ಯ ಏನಾದ್ರೂ ಭಾರ ಇಡಿ. ಅಲ್ಲಾಡದೇ ಇರೋಂಥದ್ದು."

ವೆಂಕಟಪ್ಪನವರು ಎದ್ದು ನಿಂತರು. "ಫೋನಲ್ಲಿ ಆಡಬಾರದ ಮಾತಾಡಿದೆ. ಮನಸ್ಸಲ್ಲಿಟ್ಕೋಬೇಡಮ್ಮ."

"ಬ್ರೇಕಿಲ್ಲದೆ ಬಂದ ಮಾತಲ್ವಾ ಸರ್" ಅಂದಳು ಪ್ರತಿಭಾ. "ಬಿಡಿ. ನಾಳೆ ಗೆದ್ದು ಫೋನ್ ಮಾಡಿ."

ಭಾನುವಾರ ಬೆಳಗ್ಗೆ ಹಜಾರದಲ್ಲಿ ಭಾರದ ಹುಡುಕಾಟ. ತೇಜಶ್ರೀ ಬಂದು ದಿವಾನದ ಮೇಲೆ ಕೂತಿದ್ದಳು. ಕುರ್ಚಿ ಹನ್ನೆರಡಕ್ಕೆ ಬರುತ್ತದೆ ಅಂತ ಮೆಸೇಜು ಬಂದಿತ್ತು. ಅಕ್ಕಿ ಡ್ರಮ್ಮು ಇಟ್ಟರು, ಅದೂ ಜಾರಿತು. ಗ್ಯಾಸ್ ಸಿಲಿಂಡರ್ ತರುತ್ತೇನೆಂದರು, "ಸಿಲಿಂಡರ್ ಒದ್ದು ಮನೇನೇ ಡಿಪೋಗೆ ಕಳಿಸ್ತೀರಾ?" ಅಂತ ಶಕುಂತಲಮ್ಮ ಬಾಗಿಲಿಗೆ ಅಡ್ಡ ನಿಂತರು. ಕೊನೆಗೆ ನಂಜಪ್ಪ, "ಎಂಬತ್ತೆರಡು ಕೇಜಿ ಇದೀನಿ, ನಾನೇ ಕೂರ್ತೀನಿ" ಅಂತ ಪೆಡಲಿನ ಹಿಂದೆ ಪದ್ಮಾಸನ ಹಾಕಿದ. ವೆಂಕಟಪ್ಪನವರು ಬ್ರೇಕ್ ಒತ್ತಿದರು. ಪೆಡಲಿನ ಜೊತೆ ನಂಜಪ್ಪನೂ ಪದ್ಮಾಸನದಲ್ಲೇ ನಿಧಾನವಾಗಿ ಹಿಂದಕ್ಕೆ ಜಾರಿಕೊಂಡು ಹೋಗಿ ಗೋಡೆಗೆ ಬೆನ್ನು ಕೊಟ್ಟ. ಅಲ್ಲೂ ಬ್ರೇಕ್ ಒತ್ತಿದಷ್ಟೂ ಅವನ ಮೈ ಕುಗ್ಗಿತು, ಪೆಡಲು ಹಿಂದೆ ಸರಿಯಿತು. ತೇಜಶ್ರೀ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

ಗಂಟೆ ಹನ್ನೊಂದಾಯಿತು. ವೆಂಕಟಪ್ಪನವರು ಬೆವರು ಒರೆಸಿಕೊಂಡು ಹಿತ್ತಲ ಕಡೆ ಹೋದರು. ಶಕುಂತಲಮ್ಮ ಧೂಳು ಒರೆಸುವ ನೆಪದಲ್ಲಿ ಮೇಜಿನ ಮೇಲಿದ್ದ ಡೈರಿ ತೆಗೆದು ನೋಡಿದರು. ಹಿಂದಿನ ಸಂಜೆಯ ಸಾಲು ಒಂದೇ ಇತ್ತು: 'ದೋಷ ಬ್ರೇಕಿನದಲ್ಲ. ದೋಷ ಡ್ರೈವರನದು.'

ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಆ ಸಾಲನ್ನು ಎರಡು ಸಲ ಓದಿದಳು. ಈ ಮನುಷ್ಯನ ಬಾಯಿಂದ ಇಂಥ ಮಾತು ಅವಳು ಯಾವತ್ತೂ ಕೇಳಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ ಸರಿ, ಛತ್ರಿ ಕಳೆದರೂ ಸರಿ, ದೋಷ ಯಾವಾಗಲೂ ಬೇರೆ ಗಾಡಿಯದೇ.

ಶಕುಂತಲಮ್ಮ ಹಿತ್ತಲಿಗೆ ಹೋದರು. ತುಳಸಿ ಕಟ್ಟೆಯ ಪಕ್ಕ ಅವರ ತವರಿನ ಒರಳುಕಲ್ಲು ಇತ್ತು. ಮಿಕ್ಸಿ ಬಂದ ಮೇಲೆ ಕೆಲಸವಿಲ್ಲದೆ ಕೂತಿದ್ದ ಕಲ್ಲು. ಮನೆಯಲ್ಲಿ ಶುಭಕಾರ್ಯವಾದರೆ ಮಾತ್ರ ಅರಿಶಿನ ಕುಂಕುಮ ಕಾಣುತ್ತಿತ್ತು.

"ಇದನ್ನ ತಗೊಂಡ್ಹೋಗಿ."

"ಅದಾ? ಕಾಲ ಹತ್ರ ಇಡೋದಾ? ನಿಮ್ಮಮ್ಮ ಕೊಟ್ಟಿದ್ದಲ್ವೇನೇ ಅದು!" ವೆಂಕಟಪ್ಪನವರೇ ಗಾಬರಿಯಾದರು.

"ನಿಮ್ಮ ಕಾಲು ಇರೋದು ಪೆಡಲ ಮೇಲೆ. ಕಲ್ಲು ಇರೋದು ಅದ್ರ ಹಿಂದೆ. ಅಕಸ್ಮಾತ್ ತಾಗಿದ್ರೆ ಮುಟ್ಟಿ ನಮಸ್ಕಾರ ಮಾಡ್ಕೊಳ್ಳಿ. ಸುಮ್ನೆ ಕೂತು ಕೂತು ಅದಕ್ಕೂ ಬೇಜಾರಾಗಿರುತ್ತೆ. ಹೂಂ, ಎತ್ತಿ."

ಎತ್ತಲು ಆಗುವ ಕಲ್ಲಲ್ಲ ಅದು. ಗೋಣಿಚೀಲದ ಮೇಲೆ ಉರುಳಿಸಿ, ಮುಂದೆ ನಂಜಪ್ಪ ಎಳೆದು ಹಿಂದೆ ವೆಂಕಟಪ್ಪ ತಳ್ಳಿದರು. ಇಷ್ಟು ದಿನ ಕಾಟ ಕೊಟ್ಟ ಅದೇ ಎಣ್ಣೆ ನೆಲ ಈಗ ಕಲ್ಲನ್ನು ಸರ್ರನೆ ಮೂಲೆಗೆ ಮುಟ್ಟಿಸಿತು. ಗೋಡೆಗೆ ಒತ್ತಿ ಕೂರಿಸಿ, ಪೆಡಲನ್ನು ಅದಕ್ಕೆ ಆನಿಸಿದರು. ಒತ್ತಿ ನೋಡಿದರು. ಒಂದು ಕೂದಲೆಳೆ ಅಲ್ಲಾಡಲಿಲ್ಲ.

"ರೈಟ್!" ಅಂತ ಕೂಗಿದ ನಂಜಪ್ಪ.

ಬಸ್ಸು ಡಿಪೋ ಬಿಟ್ಟಿತು. ಉಮಾ ಟಾಕೀಸಿನಲ್ಲಿ ನಿಂತಿತು. ಮಕ್ಕಳ ಕೂಟದಲ್ಲಿ ನಿಂತಿತು. ಗಾಂಧಿಬಜಾರಿನಲ್ಲಿ ಜನ ಇಳಿದರು, ಹತ್ತಿದರು. ತೇಜಶ್ರೀ ದಿವಾನದಿಂದ ಎದ್ದು ಅಪ್ಪನ ಹೆಗಲ ಹಿಂದೆ ಬಂದು ನಿಂತಿದ್ದಳು. ಚಿಕ್ಕವಳಿದ್ದಾಗ ಇದೇ ಹೆಗಲನ್ನು ಅವಳು ಲೇಡೀಸ್ ಸೀಟಿನಿಂದ ಎಷ್ಟೋ ಸಲ ನೋಡಿದ್ದಳು. ಮನೆಯಲ್ಲಿ ಯಾವಾಗಲೂ ಸ್ವಲ್ಪ ಕುಗ್ಗಿರುತ್ತಿದ್ದ ಹೆಗಲು ಬಸ್ಸಿನಲ್ಲಿ ಮಾತ್ರ ಅಗಲವಾಗುತ್ತಿತ್ತು. ಈಗ ಮತ್ತೆ ಅಗಲವಾಗಿತ್ತು. ಇನ್ನು ಎರಡೇ ಸ್ಟಾಪು.

ಆಗ ಬಾಗಿಲಲ್ಲಿ ಗೂಡ್ಸ್ ಆಟೋ ಬಂದು ನಿಂತ ಸದ್ದು. "ಸರ್, ಕುರ್ಚಿ ಬಂದಿದೆ, ಎಲ್ಲಿ ಇಳಿಸ್ಲಿ?" ಅಂತ ಡ್ರೈವರ್ ಒಳಗೆ ಬಂದ. ಎಲ್ಲರ ಕಣ್ಣೂ ಸ್ಕ್ರೀನಿನ ಮೇಲೇ. ಅವನು ಸ್ಕ್ರೀನು ನೋಡಿದ, ಸ್ಟೀರಿಂಗ್ ನೋಡಿದ, ರಸೀದಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ತಾನೂ ನಿಂತ.

"ಸರ್, ಎಡಗಡೆ ಸೈಕಲ್ಲು" ಅಂದ.

"ನೋಡಿದೀನಪ್ಪ. ಅವನು ಉಮಾ ಟಾಕೀಸಿಂದ ಜೊತೇಲೇ ಬರ್ತಿದಾನೆ."

ಕೊನೆಯ ತಿರುವು. ಕೊನೆಯ ಸಿಗ್ನಲ್ಲು. ಬಸ್ಸು ಡಿಪೋ ಗೇಟಿನೊಳಗೆ ಹೋಗಿ ಹಳದಿ ಗೆರೆಯ ಮೇಲೆ ನಿಂತಿತು. "ಹೋಲ್ಡಾನ್!" ಅಂತ ನಂಜಪ್ಪ ಗೋಡೆಗೆ ಎರಡು ಏಟು ಬಡಿದ. ಗೂಡ್ಸ್ ಆಟೋದವನು ಚಪ್ಪಾಳೆ ತಟ್ಟಿದ. ವೆಂಕಟಪ್ಪನವರು ಬಗ್ಗಿ ಒರಳುಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಾಲು ತಾಗಿರಲಿಲ್ಲ, ಆದರೂ.

"ಸೋತೆ ಅಪ್ಪಾ" ಅಂದಳು ತೇಜಶ್ರೀ, ನಗುತ್ತ. "ಮೂಲೆ ನಿಂದೇ." ಗೂಡ್ಸ್ ಆಟೋದವನ ಕಡೆ ತಿರುಗಿದಳು. "ಅಣ್ಣಾ, ಕುರ್ಚಿ ವಾಪಸ್ ತಗೊಂಡ್ಹೋಗ್ಬೇಕಾಗುತ್ತೆ."

"ಯಾಕೆ ವಾಪಸ್ಸು?"

ಎಲ್ಲರೂ ತಿರುಗಿ ನೋಡಿದರು. ಶಕುಂತಲಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಅವರಿಗೆ ನಿದ್ದೆ ಬೇಡ, ಎಚ್ಚರ ಬೇಕು. ಸರಿ. ಬೆಳಗ್ಗೆ ಐದಕ್ಕೆ ಎದ್ದು ಈ ಮನೇಲಿ ನಿಂತೇ ಇರೋಳು ಯಾರು? ಮೂವತ್ತೆರಡು ವರ್ಷ ಇವರು ಕೂತ್ಕೊಂಡೇ ಕೆಲಸ ಮಾಡಿದ್ರು, ಅವರಿಗೆ ರಿಟೈರ್ಮೆಂಟು, ಹಾರ, ಶಾಲು, ಈಗ ಕುರ್ಚಿ ಬೇರೆ. ನಿಂತ್ಕೊಂಡು ಕೆಲಸ ಮಾಡಿದೋಳಿಗೆ ಕೂತ್ಕೋ ಅಂತ ಯಾರಾದ್ರೂ ಅಂದ್ರಾ?"

  ತೇಜಶ್ರೀ ಅಮ್ಮನ ಪಾದದ ಕಡೆ ನೋಡಿದಳು. ಹಿಮ್ಮಡಿ ಊದಿತ್ತು. ಎಷ್ಟು ದಿನದಿಂದ ಊದಿತ್ತೋ.

"ದಿವಾನ ಹೊರಗೆ ಹಾಕ್ರೋ" ಅಂದರು ವೆಂಕಟಪ್ಪ.  "ನಂಜ, ಹಿಡ್ಕೋ ಆ ಕಡೆ."

ದಿವಾನ ವರಾಂಡಕ್ಕೆ ಹೋಯಿತು. ಒರಗುವ ಕುರ್ಚಿ ಅದರ ಜಾಗಕ್ಕೆ, ಡ್ರೈವರ್ ಸೀಟಿನ ಹಿಂದೆ ಸ್ವಲ್ಪ ಎಡಕ್ಕೆ ಬಂದು ಕೂತಿತು. ಬಸ್ಸಿನಲ್ಲಿ ಲೇಡೀಸ್ ಸೀಟು ಇರುವ ಕಡೆಗೇ. ಶಕುಂತಲಮ್ಮ ಅಂಜುತ್ತ ಅಂಜುತ್ತ ಕೂತರು. ತೇಜಶ್ರೀ ಗುಂಡಿ ಒತ್ತಿದಳು. ಕಾಲು ಮೇಲೆದ್ದಾಗ "ಅಯ್ಯಯ್ಯೋ, ಬೀಳ್ತೀನಿ ಬೀಳ್ತೀನಿ" ಅಂತ ಅವರು ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಬಿಟ್ಟರು.

"ಅಡುಗೆ?" ಅಂದ ನಂಜಪ್ಪ, ಮೆಲ್ಲಗೆ.

"ಹೋಟ್ಲಿಂದ ತರಿಸ್ತಾರೆ" ಅಂದರು ಶಕುಂತಲಮ್ಮ ಕಣ್ಣು ಮುಚ್ಚಿಕೊಂಡೇ. "ರೀ, ಇನ್ನೊಂದು ಟ್ರಿಪ್ ಹೊಡೀರಿ. ನಾನು ಗಾಂಧಿಬಜಾರಲ್ಲಿ ಇಳೀತೀನಿ."

ವೆಂಕಟಪ್ಪನವರು ಮತ್ತೆ ಡಿಪೋ ಬಿಟ್ಟರು. ಉಮಾ ಟಾಕೀಸು ದಾಟುವಷ್ಟರಲ್ಲಿ ಹಿಂದಿನಿಂದ ಸಣ್ಣದೊಂದು ಗೊರಕೆ ಕೇಳಿಸಿತು. ಮಕ್ಕಳ ಕೂಟದ ತಿರುವು ಬಂತು. ಪ್ಯಾಸೆಂಜರಿಗೆ ಎಚ್ಚರವಾಗದಂತೆ ವೆಂಕಟಪ್ಪನವರು ಬಲಗಾಲಿನ ಹೆಬ್ಬೆರಳನ್ನಷ್ಟೇ ಬ್ರೇಕಿನ ಮೇಲಿಟ್ಟು ಮೆಲ್ಲಗೆ ಒತ್ತಿದರು. ಕಲ್ಲಿಗೆ ಕೆಲಸವೇ ಬೀಳಲಿಲ್ಲ.